ನಿಧಾನಗತಿಯ ಗಣಕಯಂತ್ರ: ಹೊಸದನ್ನು ಕೊಳ್ಳುವ ಮುನ್ನ

ಒಂದು ಕಾಲದಲ್ಲಿ ವರ್ತಕನ ಲೆಕ್ಕವೆಲ್ಲ ಕೆಂಪು ರಟ್ಟಿನ ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿರುತ್ತಿತ್ತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ಸಣ್ಣ ವರ್ತಕನೂ ಗಣಕಯಂತ್ರವಿಲ್ಲದೆ ವ್ಯವಹರಿಸುವುದು ಕಷ್ಟಸಾಧ್ಯವಾಗಿದೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ವ್ಯಾಪಾರಿಗಳು, ಅಕ್ಕಿ ಗಿರಣಿ ಮಾಲೀಕರು, ಅಪ್ಪೆಮಿಡಿ ಉಪ್ಪಿನಕಾಯಿ ತಯಾರಕರು, ಮರಗೆಲಸದ ಘಟಕಗಳವರು, ಆಗುಂಬೆಯ ಸುತ್ತಮುತ್ತ ಹೋಂಸ್ಟೇ ನಡೆಸುವವರು, ಇವರೆಲ್ಲರ ಲೆಕ್ಕಪತ್ರಗಳೂ ಇಂದು ಗಣಕಯಂತ್ರದ ಒಡಲಲ್ಲಿವೆ. ಅನೇಕರ ವಿಷಯದಲ್ಲಿ ಆ ಯಂತ್ರ ಇರುವುದು ಅಂಗಡಿಯಲ್ಲಲ್ಲ, ಮನೆಯಲ್ಲಿ. ಹಗಲು ಮಕ್ಕಳ ಪಾಠ ಮತ್ತು ಆಟಕ್ಕೆ, ರಾತ್ರಿ ಯಜಮಾನರ ಲೆಕ್ಕಕ್ಕೆ ಅದೊಂದೇ ಆಧಾರ.

ಆರೇಳು ವರ್ಷ ದುಡಿದ ಈ ಯಂತ್ರ ನಿಧಾನವಾಗುತ್ತದೆ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆ ಸಿದ್ಧವಾಗಿರುವುದಿಲ್ಲ. ಆಗ ಸುಲಭವಾಗಿ ದೊರೆಯುವ ಸಲಹೆಯೆಂದರೆ ‘ಇದು ಹಳೆಯದಾಯಿತು, ಹೊಸದನ್ನು ಕೊಳ್ಳಿ’ ಎಂಬುದು. ಗಿರಣಿಯ ಮೋಟಾರು ನಿಧಾನವಾದರೆ ಬೇರಿಂಗ್ ಸವೆದಿದೆಯೇ, ಬೆಲ್ಟ್ ಸಡಿಲವಾಗಿದೆಯೇ, ವೋಲ್ಟೇಜ್ ಇಳಿದಿದೆಯೇ ಎಂದು ಪರಿಶೀಲಿಸುವ ಉದ್ದಿಮೆದಾರರು, ಗಣಕಯಂತ್ರದ ವಿಷಯದಲ್ಲಿ ಮಾತ್ರ ಯಾವ ಪರೀಕ್ಷೆಯೂ ಇಲ್ಲದೆ ಹೊಸ ಖರೀದಿಗೆ ಮುಂದಾಗುವುದು ವಿವೇಚನೆಯ ಲಕ್ಷಣವಲ್ಲ. ಗಣಕಯಂತ್ರವೂ ಒಂದು ಯಂತ್ರ. ದೋಷ ಎಲ್ಲಿದೆಯೆಂದು ಮೊದಲು ಗುರುತಿಸುವುದು, ಅದಕ್ಕೆ ತಕ್ಕಷ್ಟು ಮಾತ್ರ ಖರ್ಚು ಮಾಡುವುದು, ದುರಸ್ತಿಗೆ ಅರ್ಥವಿಲ್ಲದ ಹಂತ ಬಂದಾಗ ಮೋಹವಿಲ್ಲದೆ ಕೈಬಿಡುವುದು ಈ ಯಂತ್ರಕ್ಕೂ ಅನ್ವಯಿಸುವ ನಿಯಮಗಳೇ ಆಗಿವೆ.

ವಿಳಂಬದ ಬೆಲೆ

ನಿಧಾನವಾದ ಯಂತ್ರದ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣಿಸುವುದಿಲ್ಲ. ಆದುದರಿಂದಲೇ ಅದನ್ನು ಯಾರೂ ಗಮನಿಸುವುದಿಲ್ಲ. ದಿನಕ್ಕೆ 20 ನಿಮಿಷ ಕಾಯುವುದರಲ್ಲಿ ವ್ಯರ್ಥವಾದರೆ 300 ಕೆಲಸದ ದಿನಗಳಿಗೆ 6,000 ನಿಮಿಷ, ಅಂದರೆ 100 ಗಂಟೆ. ಎಂಟು ಗಂಟೆಯ ದಿನವೆಂದು ಹಿಡಿದರೆ ಹನ್ನೆರಡೂವರೆ ದಿನಗಳ ದುಡಿಮೆ. ಗುಮಾಸ್ತರಿಗೆ ಅಷ್ಟು ದಿನಗಳ ಸಂಬಳ ಕೊಟ್ಟು ಸುಮ್ಮನೆ ಕೂರಿಸಿದಂತೆ.

ಇದಕ್ಕಿಂತ ಗಂಭೀರವಾದದ್ದು ಗಡುವಿನ ಪ್ರಶ್ನೆ. ಮಾಸಿಕ ವಿವರಣಪತ್ರ ಸಲ್ಲಿಸುವವರು ಜಿ.ಎಸ್.ಟಿ.ಆರ್.-1 ನ್ನು ಮರುತಿಂಗಳ 11ರೊಳಗೆ, ಜಿ.ಎಸ್.ಟಿ.ಆರ್.-3ಬಿಯನ್ನು 20ರೊಳಗೆ ಸಲ್ಲಿಸಬೇಕು. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಕರ್ನಾಟಕದ ಸಣ್ಣ ವರ್ತಕರಿಗೆ 3ಬಿ ಗಡುವು 22. ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆ ಬಾಧ್ಯತೆಯೇ ಇಲ್ಲದ ಶೂನ್ಯ ವಿವರಣಪತ್ರಕ್ಕೆ 20 ರೂಪಾಯಿ ವಿಳಂಬ ಶುಲ್ಕ. ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಕೊನೆಯ ರಾತ್ರಿ ಯಂತ್ರ ಸ್ತಬ್ಧವಾಯಿತೆಂಬ ಕಾರಣವನ್ನು ಕಾನೂನು ಒಪ್ಪುವುದಿಲ್ಲ.

ದೋಷ ಎಲ್ಲಿದೆ?

ಮೊದಲ ಪರೀಕ್ಷೆ ಅತ್ಯಂತ ಸರಳ. ಅಂತರಜಾಲದ ಸಂಪರ್ಕವನ್ನು ಕಡಿದು, ಯಂತ್ರದಲ್ಲಿಯೇ ಇರುವ ಲೆಕ್ಕದ ತಂತ್ರಾಂಶವನ್ನೋ ಹಳೆಯ ಎಕ್ಸೆಲ್ ಕಡತವನ್ನೋ ತೆರೆಯಬೇಕು. ಆಗ ಕೆಲಸ ಚುರುಕಾಗಿ ಸಾಗಿದರೆ ದೋಷ ಯಂತ್ರದ್ದಲ್ಲ, ಸಂಪರ್ಕದ್ದು. ಘಟ್ಟದ ಅಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿಯುವುದು, ಮೊಬೈಲ್ ಗೋಪುರಕ್ಕೆ ವಿದ್ಯುತ್ ಇಲ್ಲದಾಗುವುದು ಹೊಸ ಸಂಗತಿಯಲ್ಲ. ಸಂಪರ್ಕದ ದೋಷಕ್ಕೆ ಹೊಸ ಯಂತ್ರ ಕೊಂಡರೆ ಹಣ ಹೋಗುತ್ತದೆ, ತೊಂದರೆ ಉಳಿಯುತ್ತದೆ.

ಸಂಪರ್ಕವಿಲ್ಲದಾಗಲೂ ಯಂತ್ರ ತೆವಳುತ್ತಿದ್ದರೆ ಎರಡನೆಯ ಪರೀಕ್ಷೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿ.ಪಿ.ಯು., ಮೆಮೊರಿ, ಡಿಸ್ಕ್ ಎಂಬ ಅಂಕಣಗಳಿವೆ. ಕೆಲಸ ಮಾಡುತ್ತಿರುವಾಗ ಯಾವ ಅಂಕಣ ಶೇ. 100ರ ಸಮೀಪ ನಿಂತುಬಿಡುತ್ತದೆಯೋ ಅಲ್ಲಿಯೇ ಅಡಚಣೆಯಿದೆ. ಹಳೆಯ ಮನೆಯಂತ್ರಗಳಲ್ಲಿ ಸಾಮಾನ್ಯವಾಗಿ ಹೀಗೆ ನಿಲ್ಲುವುದು ಡಿಸ್ಕ್, ಇಲ್ಲವೇ ಮೆಮೊರಿ. ಸಿ.ಪಿ.ಯು. ಎಂಬ ಮುಖ್ಯ ಸಂಸ್ಕಾರಕ ಲೆಕ್ಕಪತ್ರದ ಕೆಲಸಕ್ಕೆ ಸಾಲದಾಗುವುದು ವಿರಳ.

ಯಂತ್ರ ಹಾಳಾಗದಿದ್ದರೂ ನಿಧಾನವೆನಿಸಲು ಇನ್ನೊಂದು ಕಾರಣವಿದೆ. ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡ್‌ನ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲಿಯೇ ಇದನ್ನು ಗುರುತಿಸಿದ್ದರು. ಯಂತ್ರಾಂಶ ವೇಗವಾಗುವುದಕ್ಕಿಂತ ಬೇಗನೆ ತಂತ್ರಾಂಶ ಭಾರವಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಪ್ರತಿ ಹೊಸ ಆವೃತ್ತಿಯೂ ಹೆಚ್ಚು ಸ್ಥಳವನ್ನು ಬೇಡುತ್ತದೆ. ಹೊಸ ಯಂತ್ರವೂ ಕೆಲವು ವರ್ಷಗಳಲ್ಲಿ ಇದೇ ಸ್ಥಿತಿಗೆ ಬರುವುದರಿಂದ, ನಿರ್ವಹಣೆಯ ಅಭ್ಯಾಸವೊಂದೇ ಇದಕ್ಕೆ ಶಾಶ್ವತ ಪರಿಹಾರ.

ಮೊದಲು ನಕಲು, ನಂತರ ದುರಸ್ತಿ

ಯಾವ ದುರಸ್ತಿಗೂ ಕೈಹಾಕುವ ಮುನ್ನ ಎಲ್ಲ ಲೆಕ್ಕಗಳ ನಕಲನ್ನು ಎರಡು ಬೇರೆ ಬೇರೆ ಕಡೆ ಇರಿಸಬೇಕು. ಒಂದು ಪ್ರತಿ ಹೊರಗಿನ ಡಿಸ್ಕ್‌ನಲ್ಲಿ, ಇನ್ನೊಂದು ಮನೆಯಿಂದಾಚೆ, ಲೆಕ್ಕಪರಿಶೋಧಕರ ಬಳಿಯೋ ಅಂತರಜಾಲದ ಭಂಡಾರದಲ್ಲೋ ಇರುವುದು ಕ್ಷೇಮ. ನಕಲು ನಿಜವಾಗಿಯೂ ತೆರೆಯುತ್ತದೆಯೇ ಎಂದು ಒಮ್ಮೆ ತೆರೆದು ನೋಡುವುದೂ ಅಗತ್ಯ.

ಜಾಗ ತೆರವು ಮಾಡುವ ಅವಸರದಲ್ಲಿ ಹಳೆಯ ವರ್ಷಗಳ ಕಡತಗಳನ್ನು ಅಳಿಸಿಹಾಕುವುದು ದೊಡ್ಡ ಅಪಾಯ. ಸರಕು ಮತ್ತು ಸೇವಾ ತೆರಿಗೆ ಕಾನೂನಿನಂತೆ ಆಯಾ ವರ್ಷದ ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳುಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು ಕಾಲ. ಕಂಪೆನಿಗಳಿಗೆ ಎಂಟು ಆರ್ಥಿಕ ವರ್ಷಗಳ ನಿಯಮವಿದೆ. 2023ರ ಏಪ್ರಿಲ್ 1ರಿಂದ ಕಂಪೆನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ಕಟ್ಟಳೆಯೂ ಬಂದಿದೆ. ವೇಗಕ್ಕಾಗಿ ದಾಖಲೆಯನ್ನು ಬಲಿಕೊಟ್ಟವರು ನೋಟೀಸು ಬಂದಾಗ ಪರಿತಪಿಸಬೇಕಾಗುತ್ತದೆ.

1986ರಲ್ಲಿ ಗೋಯೆಂಕಾ ಕುಟುಂಬ ಆರಂಭಿಸಿ ಬೆಂಗಳೂರಿನಲ್ಲಿ ಬೆಳೆಸಿದ ಟ್ಯಾಲಿ ತಂತ್ರಾಂಶವನ್ನು ಬಳಸುವವರು ಈ ಭಾಗದಲ್ಲಿ ಬಹಳ. ಹಲವು ವರ್ಷಗಳ ವ್ಯವಹಾರ ಒಂದೇ ಕಡತದಲ್ಲಿ ಶೇಖರವಾಗಿ ಭಾರವಾದಾಗ, ಅದನ್ನು ಅಳಿಸದೆ ವರ್ಷವಾರು ವಿಭಜಿಸುವ ಸೌಲಭ್ಯ ಅದರಲ್ಲಿಯೇ ಇದೆ. ಹಳೆಯ ಭಾಗವನ್ನು ಪ್ರತ್ಯೇಕವಾಗಿ ಕಾಪಾಡಿ, ನಡೆಯುತ್ತಿರುವ ವರ್ಷದ ಭಾಗದಲ್ಲಿ ಕೆಲಸ ಮಾಡಿದರೆ ಸಾಕು. ಕೆಲವರು ಅಂಗಡಿಗೂ ಮನೆಗೂ ಒಯ್ಯಲು ಅನುಕೂಲವೆಂದು ಪೆನ್‌ಡ್ರೈವ್‌ನಿಂದಲೇ ನೇರವಾಗಿ ಲೆಕ್ಕ ಬರೆಯುತ್ತಾರೆ. ಇದು ನಿಧಾನವೂ ಹೌದು, ಕಡತ ಕೆಡಲು ರಾಜಮಾರ್ಗವೂ ಹೌದು.

ಖರ್ಚಿಲ್ಲದ ಕ್ರಮಗಳು

ಯಂತ್ರ ಚಾಲನೆಗೊಂಡ ಕೂಡಲೇ ಕರೆಯದೆ ಬಂದು ಕೂರುವ ತಂತ್ರಾಂಶಗಳು ವಿಳಂಬಕ್ಕೆ ಮುಖ್ಯ ಕಾರಣ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ವಿಭಾಗದಲ್ಲಿ ಅನಗತ್ಯವಾದವನ್ನು ತಡೆಹಿಡಿಯಬಹುದು. ವೈರಸ್ ನಿರೋಧಕಗಳು ಎರಡಿದ್ದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಎರಡೂ ಒಂದೇ ಕಡತವನ್ನು ತಪಾಸಣೆ ಮಾಡುತ್ತ ಯಂತ್ರವನ್ನು ಕಟ್ಟಿಹಾಕುತ್ತವೆ. ಒಂದನ್ನೇ ಇಟ್ಟು ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಡಿಸ್ಕ್‌ನಲ್ಲಿ ಐದನೆಯ ಒಂದು ಭಾಗದಷ್ಟು ಜಾಗ ಖಾಲಿಯಿರುವುದು ಒಳ್ಳೆಯದು. ಮದುವೆ ಮುಂಜಿಗಳ ವಿಡಿಯೋಗಳನ್ನು ಹೊರಗಿನ ಡಿಸ್ಕ್‌ಗೆ ವರ್ಗಾಯಿಸಬಹುದು.

ವಿಂಡೋಸ್ 10 ಮತ್ತು 11ರಲ್ಲಿ ‘ಶಟ್‌ಡೌನ್’ ಮಾಡಿದರೆ ಯಂತ್ರ ಪೂರ್ಣವಾಗಿ ಹೊಸದಾಗಿ ಆರಂಭವಾಗುತ್ತದೆ ಎಂಬುದು ತಪ್ಪು ಗ್ರಹಿಕೆ. ಬೇಗ ಚಾಲನೆಯಾಗಲೆಂದು ವ್ಯವಸ್ಥೆಯ ಸ್ಥಿತಿಯ ಒಂದು ಭಾಗವನ್ನು ಅದು ಉಳಿಸಿಕೊಂಡಿರುತ್ತದೆ. ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ವಾರಕ್ಕೊಮ್ಮೆ ಹೀಗೆ ಮಾಡುವುದರಿಂದ ಅನೇಕ ತೊಡಕುಗಳು ತಾವಾಗಿಯೇ ನಿವಾರಣೆಯಾಗುತ್ತವೆ. ಮಕ್ಕಳಿಗೆ ಪ್ರತ್ಯೇಕ ಬಳಕೆದಾರ ಖಾತೆ ತೆರೆದು, ಹೊಸ ತಂತ್ರಾಂಶ ಅಳವಡಿಸುವ ಅಧಿಕಾರವನ್ನು ಯಜಮಾನರ ಖಾತೆಗೆ ಮಾತ್ರ ಕೊಟ್ಟರೆ ಅರ್ಧ ಸಮಸ್ಯೆ ಬರುವುದೇ ಇಲ್ಲ.

ಒಂದೇ ಗುಂಡಿಯಲ್ಲಿ ಯಂತ್ರವನ್ನು ವೇಗಗೊಳಿಸುವುದಾಗಿ ಸಾರುವ ಉಚಿತ ತಂತ್ರಾಂಶಗಳಿಂದ ದೂರವಿರುವುದು ಲೇಸು. 2017ರಲ್ಲಿ ಜಗತ್ತಿನಾದ್ಯಂತ ಜನಪ್ರಿಯವಾಗಿದ್ದ ಸಿಕ್ಲೀನರ್ ಎಂಬ ಇಂತಹ ತಂತ್ರಾಂಶದ ಅಧಿಕೃತ ಆವೃತ್ತಿಯೊಳಕ್ಕೇ ದುಷ್ಕರ್ಮಿಗಳು ಕುತಂತ್ರಾಂಶವನ್ನು ಸೇರಿಸಿದ್ದರು. ಅದು 20 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ತಲುಪಿತ್ತು. ಹೆಸರಾಂತ ತಂತ್ರಾಂಶದ ಗತಿಯೇ ಹೀಗಾದ ಮೇಲೆ ಹೆಸರಿಲ್ಲದವುಗಳ ಮಾತೇನು? ವಿಂಡೋಸ್‌ನೊಳಗೇ ಇರುವ ಶುದ್ಧೀಕರಣ ಸೌಲಭ್ಯ ಸಾಮಾನ್ಯ ಬಳಕೆಗೆ ಸಾಕು.

ಅಲ್ಪ ಖರ್ಚಿನ ಕ್ರಮಗಳು

ಹಳೆಯ ಹಾರ್ಡ್ ಡಿಸ್ಕ್ ಗ್ರಾಮಫೋನಿನಂತೆ ತಿರುಗುವ ತಟ್ಟೆಯನ್ನು ಅವಲಂಬಿಸಿದೆ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ಆ ತಟ್ಟೆಯ ಮೇಲೆ ಓದುವ ಮುಳ್ಳು ಸರಿಯಾದ ಸ್ಥಳಕ್ಕೆ ಸರಿಯಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಬೇಕು. ಎಸ್.ಎಸ್.ಡಿ. ಎಂಬ ಘನಸ್ಥಿತಿ ಡಿಸ್ಕ್‌ನಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಕೆಲಸ ಅದಕ್ಕೆ ಸುಮಾರು ನೂರು ಪಟ್ಟು ಬೇಗ. ಸಾವಿರಾರು ಸಣ್ಣ ಕಡತಗಳನ್ನು ಹುಡುಕಿ ತೆರೆಯಬೇಕಾದ ಲೆಕ್ಕದ ಕೆಲಸದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಂತಹುದು. ಡಿಸ್ಕ್ ಅಂಕಣ ಶೇ. 100ರಲ್ಲಿ ನಿಲ್ಲುವ ಯಂತ್ರಕ್ಕೆ ಇದಕ್ಕಿಂತ ಫಲಪ್ರದವಾದ ವೆಚ್ಚ ಇನ್ನೊಂದಿಲ್ಲ.

ಮೆಮೊರಿ ಅಂಕಣ ತುಂಬಿರುವ ಯಂತ್ರಕ್ಕೆ ರ್‍ಯಾಮ್ ಹೆಚ್ಚಿಸಬೇಕು. 4 ಜಿ.ಬಿ. ಇದ್ದರೆ 8 ಜಿ.ಬಿ.ಗೆ ಏರಿಸುವುದು ಮನೆ ಮತ್ತು ಲೆಕ್ಕದ ಬಳಕೆಗೆ ಸೂಕ್ತ ಪ್ರಮಾಣ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿದ್ದನ್ನು ಗಮನದಲ್ಲಿರಿಸಿ, ಎರಡು ಕಡೆಯಾದರೂ ದರ ವಿಚಾರಿಸಿ ಕೊಳ್ಳುವುದು ಒಳಿತು. ಬಿಲ್ಲಿನಲ್ಲಿ ತಯಾರಕರ ಹೆಸರು, ಸಾಮರ್ಥ್ಯ ಮತ್ತು ಕ್ರಮಸಂಖ್ಯೆ ನಮೂದಾಗಿರಬೇಕು.

ಮಲೆನಾಡಿನ ಮಳೆ ಮತ್ತು ಯಂತ್ರ

ಇದುವರೆಗೆ ಹೇಳಿದ್ದು ಯಾವ ಊರಿಗಾದರೂ ಅನ್ವಯಿಸುತ್ತದೆ. ಆದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಗೆ, ಮಳೆಯಲ್ಲಿ ಅದರೊಡನೆ ಪೈಪೋಟಿಗಿಳಿಯುವ ಹೊಸನಗರ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಪ್ರದೇಶಗಳಿಗೆ ಬೇರೆಯೇ ಆದ ತೊಂದರೆಗಳಿವೆ. ಚಪ್ಪಲಿಗೂ ಪುಸ್ತಕಕ್ಕೂ ಬೂಸಲು ಹಿಡಿಯುವ ಊರಿನಲ್ಲಿ ಗಣಕಯಂತ್ರ ಮಾತ್ರ ಪಾರಾಗುವುದೆಂದು ಭಾವಿಸಲಾಗದು.

ಆಗುಂಬೆಯಂತಹ ತಂಪು ಊರಿನಲ್ಲಿ ಯಂತ್ರ ಬಿಸಿಯಾಗುವುದೇ ಎಂಬ ಪ್ರಶ್ನೆ ಸಹಜ. ಅಡಿಕೆ ಸುಲಿಯುವಾಗಿನ ಧೂಳು, ಬಚ್ಚಲೊಲೆಯ ಹೊಗೆಮಸಿ, ಗಿರಣಿಯ ತೌಡು ಇವೆಲ್ಲ ಗಾಳಿಯ ತೇವದೊಡನೆ ಬೆರೆತು ಫ್ಯಾನಿನ ಹಿಂದಿನ ಲೋಹದ ಪಟ್ಟಿಗಳ ನಡುವೆ ಕಂಬಳಿಯಂತೆ ಗಟ್ಟಿಯಾಗುತ್ತವೆ. ಶಾಖ ಹೊರಹೋಗದಾದಾಗ ಸಂಸ್ಕಾರಕ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇಂತಹ ಯಂತ್ರಕ್ಕೆ ಬೇಕಾದದ್ದು ಹೊಸ ಭಾಗವಲ್ಲ, ವಿದ್ಯುತ್ ಕಡಿದು ಮಾಡುವ ಶುದ್ಧೀಕರಣ. ಆ ಬಳಿಕ ಸಂಸ್ಕಾರಕದ ಮೇಲೆ ಶಾಖವಾಹಕ ಲೇಪವನ್ನು ಹೊಸದಾಗಿ ಹಚ್ಚಿಸಬೇಕು.

ಮಳೆಗಾಲದಲ್ಲಿ ಯಂತ್ರವನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇರಿಸಬಾರದು. ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಚಾಲನೆಯಲ್ಲಿಟ್ಟರೆ ಅದರ ಶಾಖವೇ ಒಳಗಿನ ತೇವವನ್ನು ಓಡಿಸುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಹತ್ತಿಯ ಬಟ್ಟೆ ಮೇಲು. ಗುಡುಗು ಸಿಡಿಲಿನ ಸಮಯದಲ್ಲಿ ವಿದ್ಯುತ್ ತಂತಿಯನ್ನು ಮಾತ್ರವಲ್ಲ, ಅಂತರಜಾಲದ ತಂತಿಯನ್ನೂ ಕಳಚಬೇಕು. ಅದನ್ನು ಮರೆತು ಯಂತ್ರ ಕಳೆದುಕೊಂಡವರಿದ್ದಾರೆ. ಸರಿಯಾದ ಭೂಸಂಪರ್ಕ ಮತ್ತು ಕೆಲಸ ಮಾಡುವ ಬ್ಯಾಟರಿಯುಳ್ಳ ಯು.ಪಿ.ಎಸ್. ಇಲ್ಲಿ ಅನಿವಾರ್ಯ. ಲೆಕ್ಕ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಕಡತವೇ ಕೆಡಬಹುದು.

ಇನ್ನೊಂದು ಸಣ್ಣ ಸಂಗತಿಯೂ ಉಲ್ಲೇಖಾರ್ಹ. ಯಂತ್ರದ ದಿನಾಂಕವನ್ನು ಕಾಯುವ ಸಿ.ಆರ್. 2032 ಎಂಬ ನಾಣ್ಯದಾಕಾರದ ಬ್ಯಾಟರಿ ಕೆಲವು ವರ್ಷಗಳ ನಂತರ ಬರಿದಾಗುತ್ತದೆ. ಆಗ ಯಂತ್ರ ತೆರೆದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ, ತೆರಿಗೆ ಇಲಾಖೆಯ ಮತ್ತು ಬ್ಯಾಂಕಿನ ತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬಂದು ತೆರೆಯುವುದೇ ಇಲ್ಲ. ಕೈಗಡಿಯಾರದ ಅಂಗಡಿಯಲ್ಲಿ ಸಿಗುವ ಈ ಬ್ಯಾಟರಿಯನ್ನು ಬದಲಿಸಿದರೆ ಸಾಕಾಗುವ ದೋಷಕ್ಕೆ ಇಡೀ ಯಂತ್ರವನ್ನೇ ದೂರುವುದು ಅನ್ಯಾಯ.

ಲೆಕ್ಕಶಾಸ್ತ್ರದ ದೃಷ್ಟಿ

‘ಹೊಸದನ್ನು ಕೊಂಡರೆ ಸವಕಳಿ ಸಿಗುತ್ತದೆ, ತೆರಿಗೆ ಉಳಿಯುತ್ತದೆ’ ಎಂಬ ವಾದ ಆಗಾಗ್ಗೆ ಕೇಳಿಬರುತ್ತದೆ. 2017ರ ಏಪ್ರಿಲ್‌ನಿಂದ ಗಣಕಯಂತ್ರದ ಸವಕಳಿ ದರ ಶೇ. 60ರಿಂದ ಶೇ. 40ಕ್ಕೆ ಇಳಿದಿದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರಲ್ಲೂ ಅರ್ಧ. ಉದಾಹರಣೆಗೆ, 50,000 ರೂಪಾಯಿಯ ಯಂತ್ರವನ್ನು ಡಿಸೆಂಬರ್‌ನಲ್ಲಿ ಕೊಂಡರೆ ಆ ವರ್ಷ ದೊರೆಯುವ ಸವಕಳಿ 10,000 ರೂಪಾಯಿ. 5,000 ರೂಪಾಯಿಯ ದುರಸ್ತಿಯಾದರೆ ಪೂರ್ತಿ ಮೊತ್ತವೇ ಆ ವರ್ಷದ ಖರ್ಚು. ಎಷ್ಟು ಸವಕಳಿ ಸಿಕ್ಕರೂ ಉಳಿಯುವುದು ತೆರಿಗೆಯ ಪಾಲು ಮಾತ್ರ. ಮಿಕ್ಕ ಹಣ ಕೈಯಿಂದಲೇ ಹೋಗುತ್ತದೆ. ಅಂದಾಜು ಲಾಭದ ಪದ್ಧತಿಯಲ್ಲಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಸವಕಳಿಯ ಪ್ರತ್ಯೇಕ ಲಾಭವೂ ಇಲ್ಲ.

ಸವೆದ ಭಾಗವನ್ನು ಬದಲಿಸುವುದು ದುರಸ್ತಿ ವೆಚ್ಚ. ಯಂತ್ರಕ್ಕೆ ಹೊಸ ಸಾಮರ್ಥ್ಯ ಸೇರಿಸಿದಾಗ ಬಂಡವಾಳ ವೆಚ್ಚವೆಂಬ ಪ್ರಶ್ನೆ ಏಳಬಹುದಾದುದರಿಂದ ಬಿಲ್ಲಿನಲ್ಲಿ ವಿವರ ಸ್ಪಷ್ಟವಾಗಿರಲಿ. ಬಿಡಿಭಾಗಗಳ ಮೇಲಿನ ಶೇ. 18ರ ತೆರಿಗೆಯನ್ನು ಸಾಮಾನ್ಯ ಪದ್ಧತಿಯ ನೋಂದಾಯಿತರು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ರಾಜಿ ತೆರಿಗೆಯವರಿಗೆ ಆ ಅವಕಾಶವಿಲ್ಲ. ಮನೆಯವರೂ ಬಳಸುವ ಯಂತ್ರದಲ್ಲಿ ವೈಯಕ್ತಿಕ ಬಳಕೆಯ ಪಾಲನ್ನು ಪ್ರಾಮಾಣಿಕವಾಗಿ ಕಳೆಯಬೇಕು.

ಎಲ್ಲಿ ನಿಲ್ಲಿಸಬೇಕು?

ದುರಸ್ತಿಗೂ ಒಂದು ಮಿತಿಯಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಬಳಿಕ ಭದ್ರತಾ ತಿದ್ದುಪಡಿ ಬೇಕಾದವರು ವಿಸ್ತರಿತ ಯೋಜನೆಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಗಿದ್ದು, ಅದೂ ನಿರ್ದಿಷ್ಟ ಅವಧಿಗಷ್ಟೆ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಅಥವಾ ನಂತರದ ಪೀಳಿಗೆಯ ಸಂಸ್ಕಾರಕವೂ ಬೇಕು. ಯಂತ್ರ ಇದಕ್ಕೆ ಅರ್ಹವೇ ಎಂಬುದನ್ನು ಖರ್ಚು ಮಾಡುವ ಮುನ್ನವೇ ತಿಳಿಯಬೇಕು. ಅರ್ಹವಾಗಿದ್ದರೆ ಎಸ್.ಎಸ್.ಡಿ. ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ಅರ್ಹವಲ್ಲದಿದ್ದರೆ ಬ್ಯಾಂಕು ಮತ್ತು ತೆರಿಗೆಯ ಕೆಲಸವನ್ನು ಅದರಿಂದ ಬೇರ್ಪಡಿಸಿ, ಉಚಿತವಾದ ಲಿನಕ್ಸ್ ಹಾಕಿ ಮಕ್ಕಳ ಓದಿಗೆ ಬಿಡುವುದು ಉಚಿತ.

ಈ ಎಚ್ಚರಿಕೆ ಅತಿಯಾದುದಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ಅದನ್ನು ತಡೆಯುವ ತಿದ್ದುಪಡಿ ಎರಡು ತಿಂಗಳ ಹಿಂದೆಯೇ ಬಂದಿತ್ತು, ಅಳವಡಿಸಿಕೊಳ್ಳದವರು ಸಿಕ್ಕಿಬಿದ್ದರು. ವೇಗ ಕಡಿಮೆಯಾಗುತ್ತದೆಂದು ನವೀಕರಣವನ್ನು ನಿಲ್ಲಿಸಿಡುವವರು ಇದನ್ನು ನೆನಪಿಡಬೇಕು. ಕೈಬಿಡುವ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಡಿಸ್ಕನ್ನು ಕಳಚಿಟ್ಟುಕೊಳ್ಳಬೇಕು, ಇಲ್ಲವೇ ಪೂರ್ಣವಾಗಿ ಅಳಿಸಬೇಕು. ಅದರಲ್ಲಿ ಗ್ರಾಹಕರ ಪ್ಯಾನ್, ಬ್ಯಾಂಕ್ ಖಾತೆಗಳ ವಿವರಗಳಿರುತ್ತವೆ.

ಸಂಘಟಿತ ಪ್ರಯತ್ನದ ಅಗತ್ಯ

ಒಬ್ಬೊಬ್ಬರೇ ಇದನ್ನೆಲ್ಲ ಮಾಡಿಕೊಳ್ಳುವುದು ಸುಲಭವಲ್ಲ. ಆಗುಂಬೆಯಿಂದ ಯಂತ್ರವನ್ನು ಹೊತ್ತು ತೀರ್ಥಹಳ್ಳಿಗೋ ಶಿವಮೊಗ್ಗೆಗೋ ಹೋದ ವರ್ತಕ ಅಂಗಡಿಯವರು ಹೇಳಿದ್ದನ್ನು ಒಪ್ಪಲೇಬೇಕಾದ ಸ್ಥಿತಿಯಲ್ಲಿರುತ್ತಾನೆ. ಆದುದರಿಂದ ವಾಣಿಜ್ಯ ಸಂಸ್ಥೆಗಳು ವರ್ಷಕ್ಕೆರಡು ಬಾರಿ, ಮುಂಗಾರಿಗೆ ಮುನ್ನ ಮೇ ತಿಂಗಳಲ್ಲೊಮ್ಮೆ ಮತ್ತು ಅಡಿಕೆ ಕೊಯ್ಲಿನ ಭರಾಟೆ ಏರುವ ಮುನ್ನ ಅಕ್ಟೋಬರ್‌ನಲ್ಲೊಮ್ಮೆ, ತಾಲ್ಲೂಕು ಕೇಂದ್ರಗಳಲ್ಲಿ ಗಣಕಯಂತ್ರ ತಪಾಸಣಾ ಶಿಬಿರಗಳನ್ನು ಏರ್ಪಡಿಸುವುದು ಯೋಗ್ಯ. ಪಾಲಿಟೆಕ್ನಿಕ್ ಮತ್ತು ಐ.ಟಿ.ಐ. ವಿದ್ಯಾರ್ಥಿಗಳ ನೆರವು ಪಡೆದರೆ ಅವರಿಗೂ ಅನುಭವ, ವರ್ತಕರಿಗೂ ಉಪಕಾರ. ಶಿಬಿರದಲ್ಲಿ ಮಾರಾಟ ಇರಕೂಡದು. ದೋಷವೇನು, ಬೇಕಾದ ಭಾಗ ಯಾವುದು, ಅಂದಾಜು ವೆಚ್ಚವೆಷ್ಟು ಎಂಬ ಮೂರು ಸಾಲಿನ ಲಿಖಿತ ವರದಿ ಮಾತ್ರ ಕೊಡಬೇಕು. ಆ ಕಾಗದ ಕೈಯಲ್ಲಿದ್ದರೆ ಎಂತಹ ಸಣ್ಣ ವರ್ತಕನೂ ಧೈರ್ಯವಾಗಿ ದರ ವಿಚಾರಿಸಬಲ್ಲ.

ಹಳೆಯದನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಜಿಪುಣತನವನ್ನು ಈ ಸಲಹೆಗಳು ಬೋಧಿಸುವುದಿಲ್ಲ. ಸಾವಿರಗಳಲ್ಲಿ ಮುಗಿಯುವ ಕೆಲಸಕ್ಕೆ ಹತ್ತಾರು ಸಾವಿರ ತೆರುವುದು ಎಷ್ಟು ತಪ್ಪೋ, ಭದ್ರತೆಯಿಲ್ಲದ ಯಂತ್ರದಲ್ಲಿ ಇಡೀ ವ್ಯವಹಾರವನ್ನು ಇರಿಸುವುದೂ ಅಷ್ಟೇ ತಪ್ಪು. ಗಿರಣಿಯ ಯಂತ್ರಕ್ಕೆ ಎಣ್ಣೆ ಬಿಟ್ಟ ದಿನಾಂಕವನ್ನು ಗೋಡೆಯ ಮೇಲೆ ಬರೆದಿಡುವವರು, ಗಣಕಯಂತ್ರವನ್ನು ಶುದ್ಧಗೊಳಿಸಿದ ದಿನ, ನಕಲು ತೆಗೆದ ದಿನ, ಬ್ಯಾಟರಿ ಬದಲಿಸಿದ ದಿನಗಳನ್ನೂ ಅದರ ಪಕ್ಕದಲ್ಲಿಯೇ ಬರೆದಿಟ್ಟರೆ ಸಾಕು. ಇಂತಹ ನಾಲ್ಕು ಸಾಲಿನ ದಾಖಲೆ ಇರುವಲ್ಲಿ ಗಡುವಿನ ರಾತ್ರಿಯ ಆತಂಕಕ್ಕೆ ಬಹುಮಟ್ಟಿಗೆ ಅವಕಾಶವಿರುವುದಿಲ್ಲ.